ಪಕೀರಮ್ಮನ ಲೋಟ

"ಅದನ್ನ ಕೆಳಗ ಇಡ್ರಿ ಸ್ವಾಮಿ. ಅದು ಮಾರೋದಲ್ಲ."

ಸುಂಕಣ್ಣ ಕೂಗಲಿಲ್ಲ. ಅರವತ್ತು ದಾಟಿದ ಆ ಗುಜರಿ ಅಂಗಡಿಯವನು ತನ್ನ ಮುಂದಿದ್ದ ತುಕ್ಕು ಬೀಗಗಳ ರಾಶಿಯನ್ನು ದಾಟಿ ಬರಲೂ ಧೈರ್ಯವಿಲ್ಲದವನಂತೆ ನಿಂತಲ್ಲಿಂದಲೇ ಎರಡೂ ಕೈ ಚಾಚಿದ. ಮಗುವಿನ ಕೈಗೆ ಸಿಕ್ಕಿದ ಕುಡುಗೋಲನ್ನು ಉಪಾಯವಾಗಿ ಕೇಳುವವನ ಹಾಗಿತ್ತು ಅವನ ಮುಖ.

ಪ್ರಾಣೇಶನ ಕೈಯಲ್ಲಿದ್ದುದು ಒಂದು ಕಂಚಿನ ಲೋಟ. ಹೊಟ್ಟೆ ತುಸು ಉಬ್ಬಿದ್ದು, ಕಂಠದ ಸುತ್ತ ಬಳ್ಳಿಯ ಕೆತ್ತನೆ. ಅಂಗಡಿಯ ಹಿಂಗೋಡೆಯ ಗೂಡಿನಲ್ಲಿ, ಒಣಗಿದ ಬೇವಿನ ಸೊಪ್ಪಿನ ನಡುವೆ, ಕರಿ ಕಂಬಳಿಯ ತುಂಡಿನಲ್ಲಿ ಸುತ್ತಿಟ್ಟಿದ್ದನ್ನು ಅವನೇ ಕೈ ಹಾಕಿ ತೆಗೆದು ಬಿಚ್ಚಿದ್ದ. ಒಳಗೆ ತಳದಲ್ಲಿ ಕಾಸಿನಗಲದ ಕರಿ ಅರಗು ಅಂಟಿತ್ತು. ಮೂಗಿನ ಬಳಿ ಹಿಡಿದರೆ ಸಣ್ಣಗೆ ಒಂದು ವಾಸನೆ. ಬಹಳ ದಿನ ಹಲ್ಲುಜ್ಜದ ಬಾಯಿಯ ವಾಸನೆ.

"ಮಾರೋದಲ್ಲ ಅಂದ್ರ ಅಂಗಡ್ಯಾಗ ಯಾಕ ಇಟ್ಟೀಯಪ್ಪಾ?"

"ಮನ್ಯಾಗ ಇಡಾಕ ಆಗಂಗಿಲ್ರಿ, ಅದಕ್ಕ."

"ಯಾಕ?"

ಸುಂಕಣ್ಣ ಬೀದಿಯ ಕಡೆಗೊಮ್ಮೆ ನೋಡಿ ದನಿ ತಗ್ಗಿಸಿದ. "ಮಾಟದ್ದೈತಿ ಸ್ವಾಮಿ. ಅದರಾಗ ಕುಡದೋರು ಆಮ್ಯಾಲ ಏನೂ ಉಣ್ಣಾಕಾಗದಂಗ ಆಗಿ ಸತ್ತಾರ. ನಿಮ್ಮ ಕಾಲಿಗೆ ಬೀಳ್ತೀನಿ, ಇಟ್ಟುಬಿಡ್ರಿ."

ಪ್ರಾಣೇಶ ನಕ್ಕ. ಮದರಾಸಿನ ಕಾಲೇಜೊಂದರಲ್ಲಿ ರಸಾಯನಶಾಸ್ತ್ರದ ಪ್ರಯೋಗಶಾಲೆ ನೋಡಿಕೊಳ್ಳುತ್ತಿದ್ದ ಅವನಿಗೆ ಈ ಮಾತು ಉಡುಗೊರೆ ಸಿಕ್ಕಂತಾಯಿತು. ಬಾನಾಮತಿ ಎಂದು ಜನ ಹೆದರುವ ಬೆಂಕಿಯೆಲ್ಲ ಬರೀ ರಂಜಕದ ಆಟ ಎಂದು ಅವನು ಹುಡುಗರಿಗೆ ಪ್ರಯೋಗ ಮಾಡಿ ತೋರಿಸುತ್ತಿದ್ದ. ೧೯೩೯ರ ಈಸ್ಟರ್ ರಜೆಗೆ ನಾಲ್ಕು ದಿನ ಅಕ್ಕನ ಮನೆಗೆಂದು ಆದವಾನಿಗೆ ಬಂದಿದ್ದ. ಭಾವ ಶ್ರೀನಿವಾಸರಾಯರಿಗೆ ಹೋದ ವರ್ಷವಷ್ಟೇ ಇಲ್ಲಿಯ ತಾಲೂಕು ಕಚೇರಿಗೆ ವರ್ಗವಾಗಿತ್ತು. ಈಗ ಅವರು ಹೊಳಗುಂದದ ಕಡೆ ಕ್ಯಾಂಪಿನಲ್ಲಿದ್ದರು. ಪ್ರಾಣೇಶನಿಗೆ ಯಾವ ಊರಿಗೆ ಹೋದರೂ ಎರಡೇ ಚಪಲ. ಅಲ್ಲಿಯ ಹೋಟೆಲುಗಳಲ್ಲಿ ತಿನ್ನುವುದು, ಅಲ್ಲಿಯ ಹಳೇ ಸಾಮಾನಿನ ಅಂಗಡಿಗಳಲ್ಲಿ ಕೈಯಾಡಿಸುವುದು. ಮದರಾಸಿನ ಅವನ ಕೋಣೆಯಲ್ಲಿ ನಿಂತುಹೋದ ಗಡಿಯಾರಗಳು, ಯಾರೋ ದೊರೆಯ ಮಸಿಕುಡಿಕೆ, ಕಾಲು ಮುರಿದ ಹಿತ್ತಾಳೆ ನವಿಲು ಸಾಲಾಗಿ ಕೂತಿದ್ದವು.

ಆ ಬೆಳಿಗ್ಗೆಯೇ ಅವನು ಊರನ್ನು ಅರ್ಧ ತಿಂದು ಮುಗಿಸಿದ್ದ. ಹತ್ತಿ ಬಜಾರಿನ ಮೂಲೆಯಲ್ಲಿ ನೆನೆಸಿದ ಮಂಡಕ್ಕಿಯ ಒಗ್ಗರಾಣಿ, ಮೇಲೆ ಹುರಿಗಡಲೆ ಪುಡಿ, ಪಕ್ಕದಲ್ಲಿ ಎಣ್ಣೆ ಸುರಿಯುವ ಮೆಣಸಿನಕಾಯಿ ಬಜ್ಜಿ. ಆಮೇಲೆ ಚನ್ನಬಸಯ್ಯನ ಕಾಫಿ ಹೋಟೆಲಿನಲ್ಲಿ ಎರಡು ಸಲ ಕಾಫಿ. ಮನೆಗೆ ಬಂದಾಗ ಅಕ್ಕ ಮಥುರಾಬಾಯಿ ಮೂಗು ಮುರಿದಿದ್ದಳು. "ಹತ್ತು ಮಂದಿ ಬಾಯಿ ಹಚ್ಚಿದ ಲೋಟದಾಗ ಕುಡದು ಬಂದೀಯಲ್ಲೋ, ಹೇಸಿಗಿ ಬರೂದಿಲ್ಲೇನೋ ನಿನಗ?" ಅವಳನ್ನು ಒಪ್ಪಿಸಲೆಂದೇ ಅವನು ಸ್ವಂತಕ್ಕೊಂದು ಲೋಟ ಹುಡುಕುತ್ತ ಈ ಗುಜರಿಗೆ ಬಂದಿದ್ದ.

"ನೋಡು," ಎಂದ ಪ್ರಾಣೇಶ. ಅಂಗಡಿಯ ಮೂಲೆಯಲ್ಲಿ ಮಣ್ಣಿನ ಗಡಿಗೆಯಿತ್ತು. ಸುಂಕಣ್ಣ ಬೀಗಗಳನ್ನು ದಾಟಿ ಬರುವಷ್ಟರಲ್ಲಿ ಅವನು ಲೋಟವನ್ನು ಗಡಿಗೆಗೆ ಅದ್ದಿ, ಕಂಠಕ್ಕೆ ತುಟಿ ಹಚ್ಚಿ ಗಟಗಟನೆ ಕುಡಿದುಬಿಟ್ಟ. ನೀರು ತಣ್ಣಗಿತ್ತು. "ಏನಾತು? ಸತ್ತೆನೇನು?"

ಸುಂಕಣ್ಣ ಬೀಗಗಳ ನಡುವೆಯೇ ಕುಸಿದು ಕೂತ. ಪ್ರಾಣೇಶ ಜೇಬಿಗೆ ಕೈ ಹಾಕಿದಾಗ ಬೇಡವೆಂದು ತಲೆಯಾಡಿಸಿದ.

"ನಾ ಮಾರಿಲ್ಲ ಸ್ವಾಮಿ. ನೀವ ತಗಂಡ್ರಿ." ಅವನ ಕಣ್ಣು ಒದ್ದೆಯಾಗಿತ್ತು. "ಇನ್ನ ಅದು ನಿಮ್ದ ಆತು."

*

ಚನ್ನಬಸಯ್ಯನ ಹೋಟೆಲು ಆ ಹೊತ್ತಿಗೆ ಕಿಕ್ಕಿರಿದಿತ್ತು. ಬೀಡಿಯ ಹೊಗೆ, ಕುದಿಯುವ ಹಾಲು, ಹುರಿದ ಬೀಜದ ಘಮ. ಮಾಣಿ ತೆಲುಗಿನಲ್ಲಿ "ರೆಂಡು ಕಾಫೀ!" ಎಂದು ಒಳಗೆ ಕೂಗುತ್ತಿದ್ದ. ಪ್ರಾಣೇಶ ಹೊಸ ಲೋಟವನ್ನು ತಾನೇ ತೊಳೆದು ಮುಂದಿಟ್ಟ. ಚನ್ನಬಸಯ್ಯ ಮಾರುದ್ದ ಎತ್ತಿ ನೊರೆ ಬರುವಂತೆ ಕಾಫಿ ಹೊಯ್ದ.

ಮೊದಲ ಗುಟುಕು ನಾಲಿಗೆಯ ಮೇಲೆ ಬಿಸಿಯಾಗಿ, ಕಹಿಯಾಗಿ, ಸರಿಯಾಗಿಯೇ ಕೂತಿತು. ನುಂಗಬೇಕು ಎನ್ನುವಾಗ ಗಂಟಲಿನ ಹತ್ತಿರ ಏನೋ ತಡೆಯಿತು. ಕೂದಲು. ಅವನು ಎರಡು ಬೆರಳು ಹಾಕಿ ಹಿಡಿದೆಳೆದ. ಬಂತು. ಇನ್ನೂ ಬಂತು. ಮೊಳದುದ್ದ ಬಂದರೂ ತುದಿ ಸಿಗಲಿಲ್ಲ. ನರೆತ, ಜಿಡ್ಡುಗಟ್ಟಿದ ಕೂದಲು. ಅದರ ಜೊತೆಗೇ ಹಳಸಿದ ಕೊಬ್ಬರಿ ಎಣ್ಣೆಯ, ಬೆವರಿನ ನಾತ ಮೂಗಿನ ಒಳಗಿನಿಂದಲೇ ಎದ್ದಿತು.

ಪಕ್ಕದವರು ತಮ್ಮ ಲೋಟಗಳನ್ನು ದೂರ ಸರಿಸಿದರು. ಚನ್ನಬಸಯ್ಯ ಓಡಿ ಬಂದು ಕೈ ಮುಗಿದ. "ತಪ್ಪಾತ್ರಿ ಸ್ವಾಮಿ, ನನ್ನ ಹೋಟ್ಲಾಗ ಹಿಂಗ ಒಂದಿನಾ ಆಗಿಲ್ಲ. ಬ್ಯಾರೆ ಕಾಫಿ ಕೊಡ್ತೀನ್ರಿ." ಬೇರೆ ಕಾಫಿ ಹೋಟೆಲಿನ ಲೋಟದಲ್ಲೇ ಬಂತು. ಪ್ರಾಣೇಶ ಅದನ್ನು ಬೆಳಕಿಗೆ ಹಿಡಿದು ನೋಡಿದ. ಚಮಚೆಯಿಂದ ತಿರುವಿ ನೋಡಿದ. ಏನೂ ಇರಲಿಲ್ಲ. ಬಾಯಿಗೆ ಹಾಕಿದ.

ಅದು ಬಾಯಲ್ಲಿ ಗಟ್ಟಿಯಾಯಿತು. ಬೆಚ್ಚಗೆ, ಲೋಳೆಲೋಳೆಯಾಗಿ, ಕಫದಂತೆ ನಾಲಿಗೆಗೆ ಅಂಟಿತು. ಅವನು ಮೇಜಿನ ಮೇಲೇ ಉಗುಳಿದ. ಹೊಗೆಸೊಪ್ಪಿನ ಕಂದು ಬಣ್ಣದ ಶ್ಲೇಷ್ಮ. ನಡುವೆ ಹಳದಿ ಬಣ್ಣದ, ಮುರಿದ ಒಂದು ಉಗುರು.

ಯಾರೋ "ಥೂ!" ಎಂದರು. ಹೋಟೆಲು ಅರ್ಧ ಖಾಲಿಯಾಯಿತು. ಚನ್ನಬಸಯ್ಯ ಈ ಸಲ ಹತ್ತಿರ ಬರಲಿಲ್ಲ. ಅವನ ಕಣ್ಣು ಆ ಕಂಚಿನ ಲೋಟದ ಮೇಲೆ ನಿಂತಿತ್ತು. "ಎಲ್ಲಿ ತಂದ್ರಿ ಇದನ್ನ?" ಎಂದು ಕೇಳಿ, ಉತ್ತರಕ್ಕೆ ಕಾಯದೆ, "ಏಳ್ರಿ ಸ್ವಾಮಿ. ದಯಮಾಡಿ ಏಳ್ರಿ. ಇಲ್ಲಿಗಿನ್ನ ಬರಬ್ಯಾಡ್ರಿ," ಎಂದ.

*

ರೋಗ. ಅಷ್ಟೇ. ಗಂಟಲಿನಲ್ಲಿ ಎಂಥದೋ ಹುಣ್ಣಾಗಿರಬೇಕು, ಎಂದುಕೊಂಡ ಪ್ರಾಣೇಶ ಮನೆಗೆ ನಡೆಯುತ್ತ. ಹುಣ್ಣಿನಲ್ಲಿ ಉಗುರು ಬೆಳೆಯುವುದಿಲ್ಲ ಎಂಬುದನ್ನು ಮಾತ್ರ ಅವನು ಯೋಚಿಸಲು ಹೋಗಲಿಲ್ಲ.

ಮಧ್ಯಾಹ್ನ ಮಥುರಾಬಾಯಿ ಮಡಿಯಲ್ಲಿ ಅಡುಗೆ ಮಾಡಿ ಎಲೆ ಹಾಕಿದ್ದಳು. ತಮ್ಮ ಬಂದಿದ್ದಾನೆಂದು ಬೇಳೆಕಟ್ಟಿನ ಸಾರು, ಬದನೆಕಾಯಿ ಎಣ್ಣೆಗಾಯಿ, ಹೋಳಿಗೆ. ತುಪ್ಪ ಬಿದ್ದ ಬಿಸಿ ಅನ್ನದ ವಾಸನೆಗೆ ಅವನ ಹೊಟ್ಟೆ ಚುರುಗುಟ್ಟಿತು. ಮೊದಲ ತುತ್ತು ಕಲಸಿದ. ಕೈಯಲ್ಲಿರುವವರೆಗೂ ಅದು ಅನ್ನವೇ ಆಗಿತ್ತು. ತುಟಿ ದಾಟಿದ ಕೂಡಲೇ ಅಗುಳುಗಳು ಹೊರಳಿದವು.

ಹಲ್ಲಿನ ಸಂದಿಯಲ್ಲಿ, ನಾಲಿಗೆಯ ಕೆಳಗೆ, ಒಸಡಿನ ಉದ್ದಕ್ಕೂ ಹೊರಳಿದವು. ಅವನು ತಡೆಯಲಾರದೆ ಎಲೆಯ ಮೇಲೇ ಕಾರಿಕೊಂಡ. ಬೆಳ್ಳಗಿನ, ದಪ್ಪ ದಪ್ಪ ಹುಳಗಳು ಹೋಳಿಗೆಯ ಮೇಲೆ ತೆವಳಿದವು. ಎಣ್ಣೆಗಾಯಿಯ ರಸದಲ್ಲಿ ಮುಳುಗಿ ಎದ್ದವು.

ಮಥುರಾಬಾಯಿ ಚೀರಲಿಲ್ಲ. ಸೆರಗು ಬಾಯಿಗೊತ್ತಿಕೊಂಡು ಗೋಡೆಗೆ ಆತು ನಿಂತಳು. ಆಮೇಲೆ ಆ ಎಲೆಯನ್ನು ತಾನೇ ಮಡಚಿ ಹಿತ್ತಿಲಿಗೊಯ್ದು ಸುಟ್ಟಳು. ಮೈಮೇಲೆ ನೀರು ಸುರಿದುಕೊಂಡು ಬಂದು ಅವನ ಪಕ್ಕ ಕೂತಳು.

"ಏನು ಮುಟ್ಟಿದ್ಯೋ ತಮ್ಮಾ? ಖರೇ ಹೇಳು."

"ಏನಿಲ್ಲಕ್ಕಾ. ನೀರು ಕೊಡು."

ನೀರು ಅತ್ಯಂತ ಕೆಟ್ಟದಾಗಿತ್ತು. ಬಾಯಿಗೆ ಹೋದ ನೀರು ಎಂಜಲಾಗುತ್ತಿತ್ತು. ಬೇರೆಯವರ ಎಂಜಲು. ಎಲೆಯಡಿಕೆ ಅಗಿದ ಬಾಯಿಯದು, ಬೆಳ್ಳುಳ್ಳಿ ತಿಂದ ಬಾಯಿಯದು, ಕೊಳೆತ ಹಲ್ಲಿನದು. ಯಾರೋ ಒಬ್ಬರಾದ ಮೇಲೊಬ್ಬರು ಬಂದು ಅವನ ತೆರೆದ ಬಾಯಲ್ಲಿ ಮುಕ್ಕಳಿಸಿ ಹೋದಂತೆ. ಮೂಗು ಹಿಡಿದು ನುಂಗಲು ನೋಡಿದ. ಹೊಟ್ಟೆಯೇ ಅದನ್ನು ತಳ್ಳಿ ಹೊರಗೆ ಹಾಕಿತು.

ಸಂಜೆ ಬಂದ ಡಾಕ್ಟರು ಅವನ ಗಂಟಲಿಗೆ ಬೆಳಕು ಬಿಟ್ಟು ನೋಡಿದರು. ಎಲ್ಲ ನೆಟ್ಟಗಿದೆ ಎಂದರು. ತಮ್ಮೆದುರಿಗೇ ಕುಡಿಸಿದ ಔಷಧವನ್ನು ಅವನು ತಟ್ಟೆಗೆ ಉಗುಳಿದಾಗ, ತಟ್ಟೆಯೊಳಗೆ ಬಿದ್ದ ಕೂದಲಿನ ಸಿಂಬೆಯನ್ನು ಕಂಡು, ಚೀಲ ಮುಚ್ಚಿ ಎದ್ದರು. ಫೀಜನ್ನು ಕೇಳಲಿಲ್ಲ. ಬಾಗಿಲಲ್ಲಿ ನಿಂತು ಮಥುರಾಬಾಯಿಗೆ ಮೆಲ್ಲಗೆ, "ಇದು ನಂದಲ್ಲಮ್ಮಾ," ಎಂದಷ್ಟೇ ಹೇಳಿದರು.

ಎರಡನೆಯ ದಿನ ಹಾಗೇ ಹೋಯಿತು. ಏಪ್ರಿಲ್ಲಿನ ಬಿಸಿಲಿಗೆ ಗೋಡೆಗಳು ಕಾದು, ಕೋಟೆ ಗುಡ್ಡದ ಬಂಡೆಗಳಿಂದ ಬೆಂಕಿಯಂಥ ಗಾಳಿ ಬೀಸುತ್ತಿತ್ತು. ಪ್ರಾಣೇಶನ ತುಟಿ ಒಡೆದು ರಕ್ತ ಬಂತು. ಆ ರಕ್ತವನ್ನೇ ನೆಕ್ಕಿದ. ಅದು ಮಾತ್ರ ರಕ್ತವಾಗಿಯೇ ಇತ್ತು. ಲೋಟವನ್ನು ಬಚ್ಚಲಿನ ಹಿಂದೆ ಎಸೆದು ನೋಡಿದ, ಪ್ರಯೋಜನವಾಗಲಿಲ್ಲ. ಅಕ್ಕ ಒದ್ದೆ ಬಟ್ಟೆಯನ್ನು ಅವನ ಮೈಮೇಲೆ ಹಾಸಿ, ದೇವರ ಮುಂದಿನ ತೀರ್ಥ ತಂದು ತುಟಿಗಿಟ್ಟಳು. ಅದೂ ಹಾಗೇ ಆಯಿತು. ತೀರ್ಥ ಹಾಗಾದದ್ದನ್ನು ಕಂಡಾಗ ಮಾತ್ರ ಮಥುರಾಬಾಯಿ ಗಟ್ಟಿಯಾಗಿ ಅತ್ತಳು.

*

ಮೂರನೆಯ ದಿನ ಬೆಳಿಗ್ಗೆ ಅವನು ಲೋಟವನ್ನು ಹುಡುಕಿ ತೆಗೆದು, ಗೋಡೆ ಹಿಡಿಯುತ್ತ ಹಿಡಿಯುತ್ತ ಗುಜರಿಗೆ ನಡೆದ.

ಸುಂಕಣ್ಣ ಅವನನ್ನೇ ಕಾಯುತ್ತಿದ್ದವನಂತೆ ಅಂಗಡಿಯ ಒಂದು ಬಾಗಿಲು ಮುಚ್ಚಿ, ಕತ್ತಲಲ್ಲಿ ಚಾಪೆ ಹಾಸಿ ಕೂರಿಸಿದ. ಒಳಗೆ ತುಕ್ಕಿನ, ಇಲಿ ಹಿಕ್ಕೆಯ ವಾಸನೆ. ಮುಂಚೆಯಾಗಿದ್ದರೆ ಪ್ರಾಣೇಶ ಮೂಗು ಮುಚ್ಚಿಕೊಳ್ಳುತ್ತಿದ್ದ. ಈಗ ಅದು ಎಷ್ಟೋ ಶುದ್ಧವೆನಿಸಿತು.

"ಯಾರದು ಇದು?" ಎಂದ. ನಾಲಿಗೆ ಅಂಗುಳಕ್ಕೆ ಅಂಟಿ ಮಾತು ಸರಿಯಾಗಿ ಹೊರಡಲಿಲ್ಲ.

"ಹಾಲಹರವಿ ಕಡೀ ಮುದುಕಿದು. ಪಕೀರಮ್ಮ ಅಂತ." ಸುಂಕಣ್ಣ ಲೋಟವನ್ನು ಮುಟ್ಟದೆ ಅದರತ್ತ ನೋಡುತ್ತ ಹೇಳಿದ. "ನಾಲ್ಕು ಮಂದಿ ಸೊಸ್ತೇರು. ಈಕಿ ಕಾಲು ಬಿದ್ದು ದನದ ಕೊಟ್ಟಿಗ್ಯಾಗ ಮಲಗಿದ್ಲು. ಹಳಸಿದ್ದು, ಹುಳ ಬಿದ್ದಿದ್ದು ಹಾಕೋರು. ನೀರು ಕೇಳಿದ್ರ, ಉಂಡೆದ್ದ ಸೊಸ್ತೇರು ಈ ಲೋಟದಾಗ ಬಾಯಿ ಮುಕ್ಕಳಿಸಿ ಕೊಡೋರಂತ್ರಿ. ನಗಾಕ. ಮುದುಕಿ ಏನ್ ಮಾಡಬೇಕು, ಕುಡೀತಿದ್ಲು."

ಪ್ರಾಣೇಶ ಚಾಪೆಯಾಚೆ ಬಾಗಿದ. ಕಾರಲು ಒಳಗೆ ಏನೂ ಇರಲಿಲ್ಲ.

"ಸಾಯೂಕ ಮುಂಚೆ ಒಬ್ಬ ಮಂತ್ರವಾದೀನ ಕರಿಸಿದ್ಲಂತ. ತನ್ನ ಕೂದ್ಲ ಕಿತ್ತು, ಉಗುರ ಕಿತ್ತು, ಇದರ ತಳದಾಗಿಟ್ಟು ಅರಗು ಹಾಕಿಸಿದ್ಲು. ನೀರು ಕೇಳಿದಾಕಿಗೆ ಇವರು ಎಂಜಲ ಕೊಟ್ಟಾರ, ಇದರಾಗ ಕುಡದೋರ ಬಾಯಾಗ ಇನ್ನ ನಾನ ಇರ್ತೀನಿ ಅಂದ್ಲಂತ. ಒಬ್ಬಾಕಿ ಸತ್ತ ಮ್ಯಾಲ ಒಬ್ಬಾಕಿ, ಮೂರು ಸೊಸ್ತೇರು ಹ್ವಾದ್ರು."

"ನಾಲ್ಕನೇದಾಕಿ?"

ಹೊರಗೆ ಎತ್ತಿನ ಗಾಡಿಯೊಂದು ಹತ್ತಿಯ ಅಂಡಿಗೆ ಹೇರಿಕೊಂಡು ಕಿರುಗುಟ್ಟುತ್ತ ಹೋಯಿತು.

"ಬದುಕಿದ್ಲು. ಬಿಸಲಾಗ ಬಳೆ ಮಾರೋನು ಬಂದು ನೀರು ಕೇಳಿದ. ಇದರಾಗ ಕೊಟ್ಲು. ಅವನ ಬಾಯಿಗೆ ಹೋತು, ಆಕಿ ಬಾಯಿ ಬಿಡ್ತು. ಅದೊಂದ ದಾರಿ ಸ್ವಾಮಿ. ತಾವಾಗೇ ನೀರು ಕೇಳಿದೋರಿಗೆ, ನಿಮ್ಮ ಕೈಯಾರ, ಇದರಾಗ ಕೊಡಬೇಕು."

"ನಿನ್ನ ಹತ್ರ ಹೆಂಗ ಬಂತು?"

"ಹಳೇ ಪಾತ್ರೀ ಜೊತಿಗೆ ಬಂತ್ರಿ. ನನ್ನ ಹೇಣ್ತಿ ಹೂವಮ್ಮ ಚೊಲೋ ಐತೆಂತ ತೊಳದು ನೀರು ಕುಡದ್ಲು." ಅವನು ಎರಡೂ ಅಂಗೈಗಳನ್ನು ಮೊಣಕಾಲಿನ ಮೇಲೆ ಉಜ್ಜಿದ. "ಪಾತ್ರಿ ಮಾರಿದೋರನ್ನ ಹುಡುಕಿ ಕೇಳಿದಾಗ ದಾರಿ ಐತೆಂತ ತಿಳೀತು. ಕೊಡು ಅಂದೆ. ಯಾರಿಗಾದ್ರೂ ಕೊಡು, ನನಗ ಕೊಡು, ನಾ ಕೇಳ್ತೀನಿ, ನೀರು ಕೊಡ ಹೂವೀ ಅಂತ ಕೈಮುಗುದು ಕೇಳಿದೆ. ಆಕಿ ಬಾಯಿ ಬಿಗಿ ಹಿಡದು ಗೋಡೆ ಕಡೆ ಹೊಳ್ಳಿ ಮಲಗಿದ್ಲು. ಐದನೇ ದಿನಕ್ಕ ಹ್ವಾದ್ಲು. ಕರಗಿಸಾಕಂತ ಕಂಚುಗಾರನ ಹತ್ರ ಒಯ್ದೆ. ಕುಲುಮೀ ಮುಂದ ಅವ ಉಸಿರು ಕಟ್ಟಿ ಬಿದ್ದ. ಅವತ್ತಿಂದ ಒಂಬತ್ತು ವರ್ಸ, ಹಾಂಗ ಕಾಕ್ಕಂತ ಕುಂತೀನಿ."

ಪ್ರಾಣೇಶ ಲೋಟವನ್ನು ಪಂಚೆಯ ತುದಿಯಲ್ಲಿ ಸುತ್ತಿಕೊಂಡ. "ನಾನೂ ಯಾರಿಗೂ ಕೊಡೂದಿಲ್ಲ," ಎಂದ. "ತುಂಗಭದ್ರೆಗೆ ಒಯ್ದು ಬಿಸಾಕ್ತೀನಿ. ಹೊಳೆ ಮಡುವಿನಾಗ ಯಾರ ಕೈಗೂ ಸಿಗೂದಿಲ್ಲ."

ಸುಂಕಣ್ಣ ಅವನ ಮುಖವನ್ನೇ ನೋಡಿದ. ಆಮೇಲೆ ಎದ್ದು ಮುಚ್ಚಿದ್ದ ಬಾಗಿಲು ತೆರೆದ.

*

ತುಂಗಭದ್ರೆ ದಾಟಿ ಹೋಗುವ ಮಧ್ಯಾಹ್ನದ ರಾಯಚೂರು ಗಾಡಿ ತಡವಾಗಿತ್ತು. ಅಕ್ಕ ಬರುತ್ತೇನೆಂದರೂ ಅವನು ಬಿಡಲಿಲ್ಲ. ಅವಳು ಅತ್ತು ಅತ್ತು, ಕೊನೆಗೆ ಮಣ್ಣಿನ ಹೂಜಿಯಲ್ಲಿ ನೀರು ತುಂಬಿ, ಬಾಯಿಗೆ ಬಟ್ಟೆ ಕಟ್ಟಿ ಅವನ ಕೈಗೆ ಕೊಟ್ಟಿದ್ದಳು. "ಹೊಳೀ ಹತ್ರ ಹೋದ ಮ್ಯಾಲಾದ್ರೂ ಒಂದು ಗುಟುಕು ಇಳೀಬಹುದು," ಎಂದಿದ್ದಳು.

ಸ್ಟೇಷನ್ನಿನ ನೀರಿನ ಕಟ್ಟೆಯ ಮೇಲೆ ಗಡಿಗೆಗಳು ಬೋರಲು ಬಿದ್ದಿದ್ದವು. ನೀರು ಹಾಕುವವನು ಇರಲಿಲ್ಲ. ಪ್ಲಾಟ್‌ಫಾರಮ್ಮಿನ ಬೇವಿನ ಮರದ ಕೆಳಗೆ ಪ್ರಾಣೇಶ ಕೂತ. ಬಿಸಿಲಿಗೆ ಹಳಿಗಳು ಕಣ್ಣು ಕುಕ್ಕುತ್ತಿದ್ದವು. ಡಾಂಬರಿನ ನಾತ. ನಾಲಿಗೆ ಬಾಯಲ್ಲಿ ಚರ್ಮದ ತುಂಡಿನಂತೆ ಬಿದ್ದಿತ್ತು. ಹೊಳೆ, ಎಂದುಕೊಂಡ. ಹೊಳೆಗೆ ಹೋಗುವುದು. ಸೇತುವೆಯ ಮೇಲಿಂದ ಎಸೆಯುವುದು. ಹಾಗೆ ಅಂದುಕೊಳ್ಳುತ್ತಲೇ ಅವನ ಕಣ್ಣು ಪ್ಲಾಟ್‌ಫಾರಮ್ಮಿನ ಮೇಲಿದ್ದ ಒಬ್ಬೊಬ್ಬರ ತುಟಿಯನ್ನೂ ನೋಡುತ್ತಿತ್ತು. ಯಾರ ತುಟಿ ಒಣಗಿದೆ ಎಂದು ಹುಡುಕುತ್ತಿತ್ತು. ಅದು ಅವನಿಗೆ ಗೊತ್ತಾಯಿತು. ಕಣ್ಣು ಮುಚ್ಚಿದ. ಮತ್ತೆ ತೆರೆದ.

"ಸ್ವಾಮೀ..."

ಐವತ್ತರ ಹೆಂಗಸು. ತಲೆಗೂದಲಿಗೆ, ಹುಬ್ಬಿಗೆ ಹತ್ತಿಯ ಎಳೆಗಳು ಮೆತ್ತಿದ್ದವು. ಹತ್ತಿ ಬಿಡಿಸುವ ಜಿನ್ನಿನಲ್ಲಿ ದುಡಿಯುವವಳು. ಕಂಕುಳಲ್ಲಿ ಒಂದು ಗಂಟು. ಮರದ ನೆರಳಿನೊಳಕ್ಕೆ ಬರದೆ ಬಿಸಿಲಿನಲ್ಲೇ ನಿಂತಿದ್ದಳು.

"ಬಾಯಿ ಒಣಗೇತ್ರಿ. ಹೂಜ್ಯಾಗ ನೀರಿದ್ರ ಒಂದೀಟು ಮ್ಯಾಲಿಂದ ಹೊಯ್ತೀರೇನ್ರಿ?"

ಹೇಳುತ್ತಲೇ ಅವಳು ಮುಂದೆ ಬಾಗಿ, ಎರಡೂ ಅಂಗೈ ಜೋಡಿಸಿ ಬೊಗಸೆಯೊಡ್ಡಿದಳು. ಹುಟ್ಟಿನಿಂದ ಹಾಗೆಯೇ ಕುಡಿದು ಅಭ್ಯಾಸವಾದ ಬೊಗಸೆ. ಹೂಜಿಯನ್ನು ಓರೆ ಮಾಡಿದ್ದರೆ ಸಾಕಿತ್ತು. ನೀರು ಬೊಗಸೆಗೆ ಬೀಳುತ್ತಿತ್ತು. ಅವಳು ಕುಡಿದು ಹೋಗುತ್ತಿದ್ದಳು.

ಪ್ರಾಣೇಶ ಹೂಜಿಯನ್ನು ಎತ್ತಿದ. ಬೊಗಸೆ ಅಲ್ಲಿತ್ತು. ಬಿರುಕು ಬಿಟ್ಟ ಬೆರಳುಗಳು ಅಲ್ಲಿದ್ದವು.

"ಬೊಗಸಿ ಯಾಕಮ್ಮಾ," ಎಂದಿತು ಅವನ ಬಾಯಿ. "ನಾ ಜಾತಿ-ಗೀತಿ ನೋಡೂದಿಲ್ಲ. ತಗೋ, ಲೋಟದಾಗ ಕುಡಿ."

ಪಂಚೆಯ ತುದಿ ಬಿಚ್ಚಿದ. ಲೋಟ ತುಂಬಿಸಿದ. ಚಾಚಿದ.

ಹೆಂಗಸು ಹಿಂದೆ ಸರಿದಳು. "ಅಯ್ಯೋ ದೇವುಡಾ, ಬ್ಯಾಡ್ರಿ ಸ್ವಾಮಿ. ನಿಮ್ಮ ಲೋಟ ನಾ ಮುಟ್ಟಬಾರ್ದು. ಯಾರಾದ್ರೂ ನೋಡಿದ್ರ..."

"ನೋಡ್ಲಿ. ತಗೋ."

ಪ್ಲಾಟ್‌ಫಾರಮ್ಮಿನ ಮೇಲಿದ್ದವರು ತಿರುಗಿ ನೋಡಿದರು. ಖಾದಿ ಟೋಪಿಯ ಒಬ್ಬ ಯುವಕ ಎದ್ದು ನಿಂತು ಮೆಚ್ಚುಗೆಯಿಂದ ತಲೆಯಾಡಿಸಿದ. "ತಗೋಳಮ್ಮಾ, ಇಂಥೋರು ಎಲ್ಲಿ ಸಿಗ್ತಾರ!" ಎಂದ.

ಅವಳು ಲೋಟವನ್ನು ಎರಡೂ ಕೈಯಲ್ಲಿ ಹಿಡಿದಳು. ಅದು ಮುರಿದೀತೇನೋ ಎಂಬಷ್ಟು ಹಗುರವಾಗಿ ಹಿಡಿದಳು. ಕಣ್ಣಲ್ಲಿ ನೀರು ತುಂಬಿತ್ತು. ತುಟಿ ಹಚ್ಚಿದಳು. ಗಂಟಲು ಒಮ್ಮೆ ಮೇಲೆ ಹೋಗಿ ಕೆಳಗೆ ಬಂತು. ಮತ್ತೊಮ್ಮೆ. ಮತ್ತೊಮ್ಮೆ.

ಪ್ರಾಣೇಶನ ಬಾಯಲ್ಲಿ ಏನೋ ಸಡಿಲವಾಯಿತು. ಯಾರೋ ಅಲ್ಲಿಂದ ಎದ್ದು ಹೋದರು. ನಾಲಿಗೆ ನಾಲಿಗೆಯಾಯಿತು. ಅವನು ಹೂಜಿಯನ್ನೆತ್ತಿ ನೇರ ಗಂಟಲಿಗೆ ಸುರಿದುಕೊಂಡ. ನೀರು. ನೀರು! ಮಣ್ಣಿನ ಘಮದ, ತಣ್ಣನೆಯ, ಬರೀ ನೀರು. ಗಲ್ಲದ ಮೇಲೆ, ಎದೆಯ ಮೇಲೆ ಹರಿಯಿತು. ಉಸಿರು ಕಟ್ಟುವವರೆಗೂ ಕುಡಿದ. ಮತ್ತೆ ಕುಡಿದ.

"ನನ್ನ ಹೆಸರು ಜಂಬಮ್ಮ ಅಂತ್ರಿ," ಎನ್ನುತ್ತಿದ್ದಳು ಆ ಹೆಂಗಸು. ಈಗ ಅವಳು ನೆರಳಿನ ಅಂಚಿನಲ್ಲಿ ಕೂತಿದ್ದಳು. "ಕೋಸಿಗ್ಯಾಗ ಮಗಳು ಹಡದಾಳ. ಮೊದಲ್ನೇದು, ಹೆಣ್ಣು. ನೋಡಾಕ ಹೊಂಟೀನಿ. ನನ್ನ ಜೀವಮಾನದಾಗ ಹಿಂಗ ಯಾರೂ ಕೊಟ್ಟಿಲ್ರಿ ಸ್ವಾಮಿ. ನಿಮ್ಮ ಹೊಟ್ಟಿ ತಣ್ಣಗಿರ್ಲಿ." ಅವಳು ಲೋಟವನ್ನು ಸೆರಗಿನಿಂದ ಒರೆಸಿ, ಒರೆಸಿ, ಹಿಂದಕ್ಕೆ ಚಾಚಿದಳು.

"ನೀನ ಇಟ್ಕೋ," ಎಂದ ಪ್ರಾಣೇಶ. ಅವಳ ಮುಖ ನೋಡಲಿಲ್ಲ.

ಜಂಬಮ್ಮ ಸ್ವಲ್ಪ ಹೊತ್ತು ಲೋಟವನ್ನು ತೊಡೆಯ ಮೇಲಿಟ್ಟುಕೊಂಡು ಕೂತಳು. ಆಮೇಲೆ ಗಂಟು ಬಿಚ್ಚಿದಳು. ಸಜ್ಜೆರೊಟ್ಟಿ, ಎಳ್ಳು ಹಚ್ಚಿ ಸುಟ್ಟದ್ದು. ಒಣ ಎಲೆಯಲ್ಲಿ ಶೇಂಗಾ ಚಟ್ನಿ, ಪುಂಡಿಪಲ್ಯ. ಆ ಹುಳಿಯ ವಾಸನೆಗೆ ಪ್ರಾಣೇಶನ ದವಡೆ ನೋಯುವಷ್ಟು ಬಾಯಲ್ಲಿ ನೀರೂರಿತು.

"ನೀವು ನಮ್ಮದು ಉಣ್ಣಂಗಿಲ್ಲ ಬಿಡ್ರಿ," ಎಂದಳು ನಾಚುತ್ತ. "ಆದ್ರೂ ಕೇಳ್ಬೇಕಲ್ರಿ..."

ಅವಳ ಮಾತು ಮುಗಿಯುವ ಮೊದಲೇ ಅವನು ರೊಟ್ಟಿಯೊಂದನ್ನು ಎಳೆದುಕೊಂಡಿದ್ದ. ಮುರಿದು, ಚಟ್ನಿಗೆ ಒತ್ತಿ, ಬಾಯಿಗೆ ತುರುಕಿದ. ಎಳ್ಳು ಹಲ್ಲಿನಡಿ ಚಿಟಿಚಿಟಿ ಒಡೆಯಿತು. ಹುಳಿ, ಖಾರ, ಬೆಂಕಿಯಲ್ಲಿ ಸುಟ್ಟ ಸಜ್ಜೆಯ ಸಿಹಿ. ಈ ಊರಿಗೆ ಬಂದು ಇಷ್ಟು ರುಚಿಯಾದದ್ದನ್ನು ಅವನು ತಿಂದಿರಲಿಲ್ಲ. ಮತ್ತೊಂದು ತುತ್ತು. ಮತ್ತೊಂದು. ಅವನಿಗೆ ತನ್ನ ಕೈಗಳನ್ನು ಕಂಡು ಅಸಹ್ಯವಾಯಿತು. ಕೈಗಳು ನಿಲ್ಲಲಿಲ್ಲ.

ಜಂಬಮ್ಮ ಹಿಗ್ಗಿನಿಂದ ಅವನು ಉಣ್ಣುವುದನ್ನೇ ನೋಡಿದಳು. ಅವನಿಗೆ ಜೊತೆಯಾಗಲೆಂದು ತಾನೂ ಒಂದು ಚೂರು ಮುರಿದು ಬಾಯಿಗೆ ಹಾಕಿಕೊಂಡಳು.

ಅಗಿದಳು. ನಿಲ್ಲಿಸಿದಳು.

ದೂರದಲ್ಲಿ ಗಾಡಿಯ ಸಿಳ್ಳು ಕೇಳಿಸಿತು. ಜನ ಎದ್ದು ಗಂಟುಮೂಟೆ ಎತ್ತಿಕೊಳ್ಳತೊಡಗಿದರು. ಜಂಬಮ್ಮ ಸೆರಗನ್ನು ಬಾಯಿಗೆ ಅಡ್ಡ ಹಿಡಿದು ಆ ಕಡೆ ತಿರುಗಿದಳು. ಬೆರಳು ಹಾಕಿ ಏನನ್ನೋ ಎಳೆದಳು. ಎಳೆದಳು. ಇನ್ನೂ ಎಳೆದಳು. ಅವಳ ಬೆನ್ನು ಒಮ್ಮೆ ಜಗ್ಗಿ ಅದುರಿತು. ದೊಡ್ಡವರ ಮುಂದೆ ಹೀಗಾಯಿತಲ್ಲ ಎಂಬ ಸಂಕೋಚದಿಂದ, ಅರ್ಧ ಮುಖ ಮಾತ್ರ ಈ ಕಡೆ ತಿರುಗಿಸಿದಳು. ಕಣ್ಣಲ್ಲಿ ನೀರಿತ್ತು.

"ಕೂದ್ಲ ಬಂತ್ರಿ ಸ್ವಾಮಿ. ತಪ್ಪಾತ್ರಿ, ಹಿಟ್ಟು ನಾದೋವಾಗ ನಂದ ಬಿದ್ದಿರಬೇಕು." ಅವಳು ಒತ್ತರಿಸಿ ಬಂದದ್ದನ್ನು ತಡೆದುಕೊಂಡಳು. "ನಿಮಗೂ ಬಂತೇನ್ರಿ?"

ಪ್ರಾಣೇಶನ ಬಾಯಿ ತುಂಬಿತ್ತು. ಅವನು ನುಂಗಿದ.

"ಇಲ್ಲ," ಎಂದ. "ನನಗೇನೂ ಬಂದಿಲ್ಲ."

ಆಮೇಲೆ ಗಂಟಿನಲ್ಲಿ ಉಳಿದಿದ್ದ ಮತ್ತೊಂದು ರೊಟ್ಟಿಗೆ ಕೈ ಚಾಚಿದ.